ಸಲೋಮಿ ಟೀಚರ್‌ಗೆ ತ್ರಿತ್ವದ ಪರೀಕ್ಷೆ

"ಶಿಮೊಗ್ಗ, ಶಿಮೊಗ್ಗ, ಶಿಮೊಗ್ಗ..."

ಜನ್ನಾಪುರದ ಆ ಬೀದಿಗೆ ಬೆಳಗಾಗುವುದು ಈ ಕೂಗಿನಿಂದ. ಖಾಸಗಿ ಬಸ್ಸಿನ ಕಂಡಕ್ಟರ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಗಾಳಿಗೆ ಬಿಟ್ಟು, ಊರಿನ ಹೆಸರನ್ನು ಮೂರು ಸಲ ಕೂಗುತ್ತಾನೆ. ಬಸ್ಸು ಹೋಗುವುದು ಮಾತ್ರ ಒಂದೇ ಊರಿಗೆ. ವರ್ಷಗಟ್ಟಲೆ ಅದೇ ಬಸ್ಸು ಹತ್ತಿ ಗಾಂಧಿ ಬಜಾರಿನ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ ಸಲೋಮಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಂಡಿರಲಿಲ್ಲ. ಈ ಬೇಸಿಗೆಯಲ್ಲಿ ಮಾತ್ರ ಆ ಕೂಗು ಕೇಳಿದರೆ ಟಿಫಿನ್ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ ಅವಳ ಕೈ ನಿಂತುಬಿಡುತ್ತಿತ್ತು. ಮೂರು ಹೇಗೆ ಒಂದು? ಒಂದು ಹೇಗೆ ಮೂರು? ಬಸ್ಸಿನವನಿಗೆ ಯಾರೂ ಕೇಳದ ಪ್ರಶ್ನೆಯನ್ನು ಚರ್ಚಿನವರು ಅವಳಿಗೆ ಕೇಳುವವರಿದ್ದರು.

ವಾರದ ದಿನಗಳಲ್ಲಿ ಸಲೋಮಿ ಅಂಗಡಿಯ ಬಿಳಿ ಹಾಸಿನ ಮೇಲೆ ಮಂಡಿ ಮಡಚಿ ಕೂತು ಸೀರೆ ಬಿಚ್ಚುವವಳು, ಮತ್ತೆ ಮಡಚುವವಳು. ಗಿರಾಕಿಗಳು ಅವಳ ಮುಖ ನೋಡುವುದಿಲ್ಲ, ಅವಳ ಕೈಗೆ ಹೇಳುತ್ತಾರೆ, "ಆ ಮೇಲಿನದು ತೆಗೀರಿ." ಭಾನುವಾರ ಬೆಳಿಗ್ಗೆ ಚರ್ಚಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮಕ್ಕಳ ಮುಂದೆ ನಿಂತಾಗ ಮಾತ್ರ ಅವಳು ಟೀಚರ್. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟು ಓದು ನಿಲ್ಲಿಸಿದವಳಿಗೆ ಆ ಹೆಸರು ಮೊದಮೊದಲು ಬೇರೆಯವರ ಒಡವೆ ತೊಟ್ಟಂತೆ ಅನ್ನಿಸುತ್ತಿತ್ತು. ನಿಧಾನವಾಗಿ ಮೈಗೆ ಒಗ್ಗಿತು. ಸಂಡೇ ಸ್ಕೂಲಿನ ಮಕ್ಕಳಿಂದ ಅವರ ತಾಯಂದಿರಿಗೆ, ತಾಯಂದಿರಿಂದ ಸೊಪ್ಪು ಮಾರುವವಳಿಗೆ, ಅಲ್ಲಿಂದ ಸಿಲಿಂಡರ್ ತರುವವನಿಗೆ ಹರಡಿ, ಈಗ ಇಡೀ ಬೀದಿಗೆ ಅವಳು ಸಲೋಮಿ ಟೀಚರ್. ಯಾವ ಶಾಲೆ ಎಂದು ಯಾರೂ ಕೇಳಲಿಲ್ಲ. ಅವಳೂ ತಾನಾಗಿ ಹೇಳಲು ಹೋಗಲಿಲ್ಲ.

ತೊಂದರೆ ಶುರುವಾದದ್ದು ಶಾರೋನ್ ಎಂಬ ಮೂರನೇ ಕ್ಲಾಸಿನ ಹುಡುಗಿಯಿಂದ. ಯೇಸು ತೋಟದಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ಚಿತ್ರಕ್ಕೆ ಬಣ್ಣ ತುಂಬುತ್ತಾ ಅವಳು ತಲೆ ಎತ್ತದೆ ಕೇಳಿದಳು.

"ಟೀಚರ್, ಯೇಸಪ್ಪನೇ ದೇವರಲ್ವಾ? ಮತ್ತೆ ಯಾರಿಗೆ ಪ್ರಾರ್ಥನೆ ಮಾಡ್ತಿದ್ದಾರೆ?"

"ತಂದೆ ದೇವರಿಗೆ."

"ಹಂಗಾದ್ರೆ ದೇವರು ಇಬ್ರಾ?"

"ಇಲ್ಲಮ್ಮ, ಒಬ್ಬರೇ. ಪವಿತ್ರಾತ್ಮನೂ ಸೇರಿ ಒಬ್ಬರೇ."

ಶಾರೋನ್ ಒಂದೊಂದೇ ಬೆರಳು ಮಡಚಿ ನೋಡಿಕೊಂಡಳು. ಆಮೇಲೆ ಟೀಚರ ಮುಖ ನೋಡಿದಳು.

"ದೊಡ್ಡೋಳಾದ್ಮೇಲೆ ಗೊತ್ತಾಗುತ್ತೆ. ಮರಕ್ಕೆ ಹಸಿರು ಹಚ್ಚು" ಎಂದಳು ಸಲೋಮಿ. ಮನೆಗೆ ಬಂದು ಅಕ್ಕಿ ತೊಳೆಯುವಾಗ ಅವಳಿಗೆ ನೆನಪಾಯಿತು, ತನಗೆ ಐವತ್ತು ದಾಟಿದೆ. ಇನ್ನೆಷ್ಟು ದೊಡ್ಡವಳಾಗಬೇಕು?

ಅಲ್ಲಿಂದ ಪ್ರಾರ್ಥನೆ ಕೆಟ್ಟಿತು. ಮೊದಲೆಲ್ಲ ಕಣ್ಣು ಮುಚ್ಚಿ 'ಸ್ವಾಮೀ' ಎಂದರೆ ಸಾಕಿತ್ತು. ಮೇಲೆ ಯಾರಿದ್ದರೋ ಅವರು ಕೇಳಿಸಿಕೊಳ್ಳುತ್ತಿದ್ದರು. ಈಗ 'ತಂದೆಯೇ' ಎಂದು ಶುರುಮಾಡಿದರೆ ಮಗನಿಗೆ ಬೇಜಾರಾದೀತೇ ಎಂದು ತಡವರಿಸುತ್ತಿದ್ದಳು. ಮಗನ ಹೆಸರು ಹಿಡಿದರೆ ತಂದೆಯನ್ನು ದಾಟಿಕೊಂಡು ಹೋದಂತೆ. ಪವಿತ್ರಾತ್ಮನನ್ನಂತೂ ಇಷ್ಟು ವರ್ಷ ಆಮೆನ್ನಿಗೆ ಮುಂಚೆ ಮಾತ್ರ ನೆನೆದದ್ದು ಅವಳಿಗೆ ನಾಚಿಕೆ ತಂದಿತು, ಮದುವೆಮನೆಯಲ್ಲಿ ಒಬ್ಬ ನೆಂಟರನ್ನು ಮಾತಾಡಿಸದೆ ಊಟ ಮಾಡಿ ಬಂದ ಹಾಗೆ. ಮೂವರಿಗೂ ಸಮನಾಗಿ ಹಂಚಿ ಪ್ರಾರ್ಥಿಸಲು ಹೋದರೆ, ಏನು ಬೇಡಬೇಕೆಂದು ಕೂತಿದ್ದಳೋ ಅದೇ ಮರೆತುಹೋಗುತ್ತಿತ್ತು.

ಇದೇ ಹೊತ್ತಿಗೆ ಚರ್ಚಿಗೆ ಹೊಸ ಪಾಸ್ಟರ್ ಬಂದರು. ರೆವರೆಂಡ್ ಹರ್ಷವರ್ಧನ. ವಯಸ್ಸು ಮೂವತ್ತೂ ಇಲ್ಲ, ದೇವಶಾಸ್ತ್ರದಲ್ಲಿ ಎರಡು ಡಿಗ್ರಿ, ಇಸ್ತ್ರಿ ಮಾಡಿದಂಥ ಮಾತು. ಹಿಂದಿನ ಪಾಸ್ಟರಿಗೆ ತ್ರಿತ್ವದ, ಅಂದರೆ ಈ ಮೂರು ಸೇರಿ ಒಂದಾಗುವ ದೇವರ, ವಿಷಯದಲ್ಲಿ ಒಂದು ಕ್ರಮವಿತ್ತು. ವರ್ಷಕ್ಕೊಮ್ಮೆ ತ್ರಿತ್ವ ಭಾನುವಾರ ಬಂದಾಗ ಅವರು ಕುಂಸಿ ಕಡೆಯ ವಿಶ್ವಾಸಿಗಳನ್ನು ನೋಡಿಕೊಂಡು ಬರಲು ಹೋಗಿಬಿಡುತ್ತಿದ್ದರು. ಆ ದಿನ ಯಾರಾದರೂ ಹಿರಿಯರು ಪ್ರಸಂಗಕ್ಕೆ ನಿಂತು, ಇದು ದೊಡ್ಡ ರಹಸ್ಯ ಎಂದು ಹೇಳಿ, ಬೇಗ ಮುಗಿಸಿ, ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ರಹಸ್ಯ ಮುಂದಿನ ವರ್ಷದವರೆಗೆ ಭದ್ರವಾಗಿರುತ್ತಿತ್ತು.

ಹೊಸಬರು ಹಾಗಲ್ಲ. ಬಂದ ತಿಂಗಳಲ್ಲೇ ಪ್ರಕಟಣೆ ಓದಿದರು. ಸಂಡೇ ಸ್ಕೂಲಿನಲ್ಲಿ ಕಲಿಸುವವರಿಗೆ ಮೌಖಿಕ ಪರೀಕ್ಷೆ. ವಿಷಯ: ತ್ರಿತ್ವ. ಪಾಸಾದವರಿಗೆ ತ್ರಿತ್ವ ಭಾನುವಾರದಂದು ಸಭೆಯ ಮುಂದೆ ಪ್ರಮಾಣಪತ್ರ. ಪಾಸಾಗದವರು ಬೇಸರಪಡಬೇಕಾಗಿಲ್ಲ, ಹಬ್ಬಗಳಲ್ಲಿ ಸಭೆಗೆಲ್ಲ ಬಡಿಸುವ ಪ್ರೇಮಭೋಜನದ ಅಡುಗೆ ಸಮಿತಿಯಲ್ಲಿ ಸೇವೆ ಮುಂದುವರಿಸಬಹುದು.

"ಪರಲೋಕಕ್ಕೂ ಟಿಇಟಿ ಬಂತಾ?" ಎಂದು ನಕ್ಕ ಆಲ್ಬರ್ಟ್.

ಆಲ್ಬರ್ಟ್ ಅವಳ ಗಂಡ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಈಗ ಬೀದಿಯವರ ಮಿಕ್ಸಿ, ಪಂಪು ಬಿಚ್ಚಿ ಜಗಲಿಯ ಮೇಲೆ ಹರಡಿಕೊಂಡಿರುತ್ತಾನೆ. ಅವನ ಅಜ್ಜ ತಮಿಳುನಾಡಿನಿಂದ ಬಂದವರು. ಮನೆಯಲ್ಲಿ ತಮಿಳು ಉಳಿದಿರುವುದು ಸ್ಕ್ರೂ ಕಳೆದುಹೋದಾಗ ಬೈಯುವುದಕ್ಕೆ ಮಾತ್ರ.

ಸಲೋಮಿ ನಗಲಿಲ್ಲ. ಅಡುಗೆ ಸಮಿತಿಯವರನ್ನು ಯಾರೂ ಟೀಚರ್ ಎನ್ನುವುದಿಲ್ಲ. ಬಿರಿಯಾನಿಗೆ ಈರುಳ್ಳಿ ಹೆಚ್ಚುವವಳನ್ನು ಬೀದಿ ಏನೆಂದು ಕರೆದೀತು? ಆ ಒಂದು ಹೆಸರು ಹೋದರೆ ಭಾನುವಾರವೂ ಸೋಮವಾರದಂತೆಯೇ ಇರುತ್ತದೆ.

"ಇದಕ್ಕೆಲ್ಲ ತಲೆ ಕೆಡಿಸ್ಕೋತೀಯಲ್ಲ ಮಾರಾಯ್ತಿ" ಎಂದ ಆಲ್ಬರ್ಟ್. "ತ್ರೀ ಫೇಸ್ ಕರೆಂಟು ಇದ್ದಂಗೆ. ವೈರು ಮೂರು. ಕೆಂಪು, ಹಳದಿ, ನೀಲಿ. ಓಡೋ ಮೋಟ್ರು ಒಂದು. ಹೋಗಿ ಹೇಳು ನಿಮ್ಮ ಪಾಸ್ಟರಿಗೆ."

ಸಲೋಮಿ ಹೋಗಿ ಹೇಳಿದಳು. ಪಾಸ್ಟರ್ ಗಮನವಿಟ್ಟು ಕೇಳಿ, "ಅದರಲ್ಲಿ ಒಂದು ಫೇಸ್ ಹೋದ್ರೆ ಏನಾಗುತ್ತೆ ಟೀಚರ್?" ಎಂದರು.

ಅದು ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಗಂಡನನ್ನು ಕೇಳಿದಳು. "ಮೋಟ್ರು ಸುಟ್ಟೋಗುತ್ತೆ" ಎಂದ ಅವನು. ಮುಂದಿನ ಭಾನುವಾರ ಅದನ್ನೂ ಪ್ರಾಮಾಣಿಕವಾಗಿ ಪಾಸ್ಟರಿಗೆ ಒಪ್ಪಿಸಿದಳು. ಪಾಸ್ಟರ್ ಒಂದು ಗಳಿಗೆ ಕಣ್ಣು ಮುಚ್ಚಿದರು. ದೇವರನ್ನು ಬಿಡಿಭಾಗ ಮಾಡಿದ್ದೀರಿ ಎಂದರು. ಆ ತಪ್ಪಿಗೆ ಒಂದು ಇಂಗ್ಲಿಷ್ ಹೆಸರನ್ನೂ ಹೇಳಿದರು. ಅದು ಅವಳಿಗೆ ಬಿಪಿ ಮಾತ್ರೆಯ ಹೆಸರಿನಂತೆ ಕೇಳಿಸಿತು.

ಪಕ್ಕದ ಮನೆಯ ಜಯಶೀಲಾ ಕಾಂಪೌಂಡಿನ ಮೇಲೆ ಮೊಣಕೈ ಊರಿ ಇದೆಲ್ಲವನ್ನೂ ಕೇಳಿಸಿಕೊಂಡಳು. ಅವರದು ಲಿಂಗಾಯತರ ಮನೆ.

"ನಮ್ಮಲ್ಲೂ ಮೂರಿದೆ ಟೀಚರ್. ಗುರು, ಲಿಂಗ, ಜಂಗಮ. ಮೂರೂ ಒಂದೇ ಅಂತಾರೆ."

"ಹೆಂಗೆ ಒಂದೇ?"

"ಅದನ್ನೆಲ್ಲ ಕೇಳೋಕೆ ಹೋಗಿಲ್ಲಪ್ಪ. ಕೈ ಮುಗೀತೀವಿ ಅಷ್ಟೇ. ನಮಗ್ಯಾರೂ ಪರೀಕ್ಷೆ ಇಟ್ಟಿಲ್ಲ." ಮೊಣಕೈ ಬದಲಿಸಿ ಜಯಶೀಲಾ ಕೇಳಿದಳು, "ನಿಮ್ಮ ಪಾಸ್ಟರಿಗೆ ಮದ್ವೆ ಆಗಿದ್ಯಾ?"

"ಇನ್ನೂ ಇಲ್ಲ."

"ಅದೇ ಮತ್ತೆ. ಟೈಮಿದೆ."

ಇದನ್ನು ಪಾಸ್ಟರ ಬಳಿ ಒಯ್ಯುವ ಧೈರ್ಯ ಸಲೋಮಿಗೆ ಬರಲಿಲ್ಲ. ಕರೆಂಟಿಗೇ ಅಷ್ಟು ನೊಂದುಕೊಂಡವರು.

ಕೊನೆಗೆ ಅವಳಿಗೇ ಒಂದು ಹೊಳೆಯಿತು, ಅಂಗಡಿಯಲ್ಲಿ, ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಸೀರೆ ಮಡಚುತ್ತಿದ್ದಾಗ. ಒಡಲು, ಅಂಚು, ಸೆರಗು. ಒಂದೇ ಮಗ್ಗ, ಒಂದೇ ನೂಲು. ಹೆಸರು ಮೂರು, ಸೀರೆ ಒಂದು. ಫ್ಯಾನಿನ ಗಾಳಿಗೆ ಸೆರಗು ತಾನಾಗಿ ಎದ್ದು ಅವಳ ಮೊಣಕಾಲ ಮೇಲೆ ಬಿತ್ತು. ಸಿಕ್ಕೇಬಿಟ್ಟಿತು ಎಂದುಕೊಂಡಳು. ಬಸ್ಸಿನಲ್ಲಿ ಸೀಟು ಸಿಗದೆ ನಿಂತುಕೊಂಡೇ ಬಂದರೂ ಆ ಸಂಜೆ ಅವಳ ಕಾಲು ನೋಯಲಿಲ್ಲ.

ಪಾಸ್ಟರ್ ಇದಕ್ಕೆ ಮುಗುಳ್ನಕ್ಕರು. "ಚೆನ್ನಾಗಿದೆ. ಆದ್ರೆ ಬರೀ ಸೆರಗು ತಂದು ಕೊಟ್ರೆ ಅದನ್ನ ಸೀರೆ ಅಂತೀರಾ?"

"ಇಲ್ಲ."

"ಮಗ ಅಂದ್ರೆ ದೇವರ ಒಂದು ತುಂಡಲ್ಲ ಟೀಚರ್, ಪೂರ್ತಿ ದೇವರು. ತಂದೆಯೂ ಪೂರ್ತಿ. ಆತ್ಮನೂ ಪೂರ್ತಿ."

"ಸರಿ ಪಾಸ್ಟ್ರೇ. ಹಂಗಾದ್ರೆ ಸರಿಯಾದ ಉದಾಹರಣೆ ಯಾವ್ದು?"

"ಯಾವುದೂ ಇಲ್ಲ. ಎಲ್ಲ ಉದಾಹರಣೆಯೂ ತಪ್ಪೇ."

"ಮಕ್ಕಳಿಗೆ ಏನ್ ಹೇಳ್ಲಿ ಮತ್ತೆ?"

ಪಾಸ್ಟರ್ ನೆಟ್ಟಗೆ ಕೂತು, ಪದಗಳನ್ನು ಒಂದೊಂದಾಗಿ ಇಟ್ಟರು. "ಸತ್ವ ಒಂದು, ವ್ಯಕ್ತಿಗಳು ಮೂವರು. ಮೂವರನ್ನು ಬೆರೆಸುವಂತಿಲ್ಲ, ಒಂದನ್ನು ಒಡೆಯುವಂತಿಲ್ಲ."

"ಇದರ ಅರ್ಥ?"

"ಇದೇ ಅರ್ಥ."

ಅವಳು ಅದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದಳು. ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. ಪದಗಳು ನಾಲಗೆಗೆ ಬಂದವು. ಒಳಗಿಳಿಯಲಿಲ್ಲ. ಗಂಟಲ ಹತ್ತಿರ ಎಲ್ಲೋ ಮಡಚಿಟ್ಟ ಸೀರೆಯ ಹಾಗೆ ಕೂತುಬಿಟ್ಟವು.

ಸೀರೆ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಗಿರಾಕಿಯ ಮುಂದೆ 'ಗೊತ್ತಿಲ್ಲ' ಅನ್ನಬಾರದು. ಮಾಲೀಕರಾದ ವಿಷ್ಣುಪ್ರಸಾದರು ಹೊಸಬರು ಕೆಲಸಕ್ಕೆ ಸೇರಿದ ಕೂಡಲೇ ಇದನ್ನು ಹೇಳುತ್ತಿದ್ದರು. "ಬಣ್ಣ ಹೋಗುತ್ತೋ ಇಲ್ವೋ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ, ನೇಯ್ದವನಿಗೂ ಗೊತ್ತಿಲ್ಲ. ಹಂಗಂತ ಶಟರ್ ಎಳ್ಕೊಂಡು ಹೋಗೋಕಾಗುತ್ತಾ?" ಸಲೋಮಿ ಇದರಲ್ಲಿ ಪಳಗಿದ್ದಳು. ಸೆರಗನ್ನು ಮುಂಗೈ ಮೇಲೆ ಹರಡಿ, ಗಿರಾಕಿಯ ಕಣ್ಣನ್ನೇ ನೋಡಿ, ದನಿಯನ್ನು ಅಕ್ಕತಂಗಿಯರ ಗುಟ್ಟಿನ ಮಟ್ಟಕ್ಕೆ ಇಳಿಸಿ, "ನಾನೇ ಉಟ್ಟಿದ್ದೀನಿ ಅಕ್ಕಾ, ಬಣ್ಣ ಕದಲಲ್ಲ" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಕುಂಸಿಯ ಜಲಜಮ್ಮ ಎಂಬ ಹೆಂಗಸು ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಕೆನೆಬಣ್ಣದ ಅಂಚಿನ ಕುಂಕುಮಗೆಂಪು ಸೀರೆಯನ್ನು ಹೀಗೇ ಒಯ್ದಿದ್ದಳು.

ಪರೀಕ್ಷೆ ಆರಾಧನೆ ಮುಗಿದ ಮೇಲೆ, ಪಾಸ್ಟರ್ ನಿಲುವಂಗಿ ಬದಲಿಸುವ ಸಣ್ಣ ಕೋಣೆಯಲ್ಲಿ. ಪರೀಕ್ಷಕರು ಮೂವರು: ಪಾಸ್ಟರ್, ಸಭೆಯ ಕಾರ್ಯದರ್ಶಿಯಾಗಿದ್ದ ನಿವೃತ್ತ ವಿಜ್ಞಾನ ಶಿಕ್ಷಕ ಥಿಯೋಡೋರ್ ಮೇಷ್ಟ್ರು, ಖಜಾಂಚಿ ವಿಜಯೇಂದ್ರ. ಉಳಿದ ಇಬ್ಬರು ಟೀಚರುಗಳು ಪ್ರಕಟಣೆ ಕೇಳಿದ ಮಾರನೇ ವಾರವೇ ತಾವಾಗಿ ಅಡುಗೆ ಸಮಿತಿಗೆ ಸೇರಿಕೊಂಡಿದ್ದರಿಂದ ಅಭ್ಯರ್ಥಿ ಒಬ್ಬಳೇ.

"ತ್ರಿತ್ವ ಅಂದ್ರೇನು, ಹೇಳಿ ಟೀಚರ್" ಎಂದರು ಪಾಸ್ಟರ್.

ಅವಳು ಬಾಯಿ ತೆರೆಯುವಷ್ಟರಲ್ಲಿ ಥಿಯೋಡೋರ್ ಮೇಷ್ಟ್ರು ಸಹಾಯಕ್ಕೆ ಬಂದರು. "ನೀರು, ಮಂಜುಗಡ್ಡೆ, ಹಬೆ ಅಂತ ಹೇಳಮ್ಮಾ, ಸಾಕು."

"ಮೇಷ್ಟ್ರೇ, ಅದು ತಪ್ಪು ಬೋಧನೆ" ಎಂದರು ಪಾಸ್ಟರ್ ಮೆಲ್ಲಗೆ.

"ತಪ್ಪಾ? ನಾನು ನಲವತ್ತು ವರ್ಷದಿಂದ ಹೇಳ್ತಾ ಇದೀನಿ."

"ಹೌದು. ನಲವತ್ತು ವರ್ಷದಿಂದ ತಪ್ಪು ಹೇಳ್ತಾ ಇದೀರಿ. ಅದೇ ನೀರು ಏಕಕಾಲಕ್ಕೆ ಮೂರೂ ಆಗಿರಲ್ಲ."

"ಸುಲಭವಾಗಿ ಹೇಳೋದಾದ್ರೆ" ಎಂದು ನಡುವೆ ಬಂದರು ಖಜಾಂಚಿ, "ನನ್ನನ್ನೇ ತಗೊಳ್ಳಿ. ಮನೇಲಿ ಅಪ್ಪ, ಆಫೀಸಲ್ಲಿ ಸೂಪರಿಂಟೆಂಡೆಂಟು, ಇಲ್ಲಿ ಖಜಾಂಚಿ. ಮೂರು, ಆದ್ರೆ ಒಬ್ಬನೇ."

"ನಿಮ್ಮನ್ನ ತಗೊಳ್ಳೋಕಾಗಲ್ಲ ವಿಜಯೇಂದ್ರಣ್ಣ. ಅದೂ ಅದೇ ತಪ್ಪು."

"ಹೋದ್ಸಲದ ಬಿಷಪ್ಪರು ಇದನ್ನ ಕೇಳಿ ಭೇಷ್ ಅಂದಿದ್ರು."

"ಊಟಕ್ಕೆ ಮುಂಚೆನಾ, ಆಮೇಲಾ?" ಎಂದರು ಮೇಷ್ಟ್ರು.

ಮೂವರೂ ಮೂರು ಕಡೆ ಮುಖ ಮಾಡಿ ಕೂತರು. ಯಾರನ್ನೂ ಬೆರೆಸುವಂತಿರಲಿಲ್ಲ. ಗೋಡೆಯ ಗಡಿಯಾರ ಮಾತ್ರ ಎಲ್ಲರಿಗೂ ಸೇರಿದಂತೆ ಬಡಿದುಕೊಳ್ಳುತ್ತಿತ್ತು. ಆ ಬಿಗುವಿನಲ್ಲಿ ಸಲೋಮಿಗೆ, ಇವರಿಗೆ ಈಗ ಬೇಕಾಗಿರುವುದು ಉತ್ತರವಲ್ಲ, ಮಾತು ಮುಗಿಸುವವರು ಎಂದು ತಿಳಿದುಹೋಯಿತು. ಇಂಥ ಗಿರಾಕಿಗಳು ಅವಳಿಗೆ ಹೊಸಬರಲ್ಲ. ಸೀರೆ ಒಪ್ಪದೆ ತಾಯಿ, ಮಗಳು, ಅತ್ತೆ ಮುನಿಸಿಕೊಂಡು ಕೂತಾಗ ಅವಳು ಮಾಡುತ್ತಿದ್ದುದನ್ನೇ ಮಾಡಿದಳು. ಪಾಸ್ಟರ ಕಣ್ಣನ್ನು ನೋಡಿದಳು. ದನಿ ಇಳಿಸಿದಳು.

"ಸತ್ವ ಒಂದು ಪಾಸ್ಟ್ರೇ, ವ್ಯಕ್ತಿಗಳು ಮೂವರು. ಮೂವರನ್ನು ಬೆರೆಸುವಂತಿಲ್ಲ, ಒಂದನ್ನು ಒಡೆಯುವಂತಿಲ್ಲ."

ಕೋಣೆ ಹಗುರಾಯಿತು. "ನೋಡಿ, ಎಷ್ಟು ಚೆನ್ನಾಗಿ ಹೇಳಿದ್ಲು" ಎಂದರು ಮೇಷ್ಟ್ರು, ತಾವೇ ಕಲಿಸಿದ ಹಾಗೆ.

"ನಿಮಗೆ ಅರ್ಥ ಆಗಿದೆಯಲ್ವಾ ಟೀಚರ್?" ಪಾಸ್ಟರ ದನಿಯಲ್ಲಿ ಒಂದು ಆಸೆ ಇತ್ತು.

"ಪೂರ್ತಿ ಅರ್ಥ ಆಗಿದೆ."

ಅವಳು ಪಾಸಾದಳು. ಮುಂದಿನ ಭಾನುವಾರ ಪ್ರಮಾಣಪತ್ರ ತೆಗೆದುಕೊಳ್ಳುವ ಮುಂಚೆ, ತ್ರಿತ್ವ ತನಗೆ ಹೇಗೆ ಅರ್ಥವಾಯಿತು ಎಂದು ಸಭೆಗೆ ನಾಲ್ಕು ಮಾತು ಹೇಳಬೇಕೆಂದೂ ತೀರ್ಮಾನವಾಯಿತು. ಮನೆಯಲ್ಲಿ ಆಲ್ಬರ್ಟ್ ಮೀನು ತಂದ. ಜಯಶೀಲಾ ಕಾಂಪೌಂಡಿನ ಮೇಲಿಂದ ಕೈ ಕುಲುಕಿದಳು. ಬೀದಿಯಲ್ಲಿ ಯಾರು ಟೀಚರ್ ಎಂದು ಕರೆದರೂ ಸಲೋಮಿ ಈಗ ಅರ್ಧ ಕ್ಷಣ ಹೆಚ್ಚು ನಿಂತು ಮಾತಾಡಿದಳು.

ಗುರುವಾರ ಜಲಜಮ್ಮ ಅಂಗಡಿಗೆ ಬಂದಳು. ಪ್ಲಾಸ್ಟಿಕ್ ಚೀಲದಿಂದ ಸೀರೆ ತೆಗೆದು ಬಿಳಿ ಹಾಸಿನ ಮೇಲೆ ಇಟ್ಟಳು. ಕುಂಕುಮಗೆಂಪು ಅಂಚಿಗೆಲ್ಲ ಇಳಿದು, ಕೆನೆಬಣ್ಣ ಎಲ್ಲಿತ್ತು ಎನ್ನುವುದೇ ತಿಳಿಯುತ್ತಿರಲಿಲ್ಲ. ಗಲ್ಲಾದ ಹಿಂದೆ ವಿಷ್ಣುಪ್ರಸಾದರು ಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು. ಸಲೋಮಿ ಬೈಗುಳಕ್ಕೆ ತಯಾರಾಗಿ ಕೂತಳು.

ಜಲಜಮ್ಮ ಬೈಯಲಿಲ್ಲ. ಹತ್ತಿರ ಸರಿದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದಳು, "ನಾನೇ ಉಟ್ಟಿದ್ದೀನಿ ಅಂದಿದ್ರಲ್ಲ ಅಕ್ಕಾ. ನಿಮ್ದು ಬಣ್ಣ ಹೋಗ್ಲಿಲ್ಲ ಅಂದ್ಮೇಲೆ ನಾನೇ ಏನೋ ತಪ್ಪು ಮಾಡಿದೀನಿ. ನೀವು ಏನ್ ಹಾಕಿ ತೊಳ್ದ್ರಿ?"

ಸಲೋಮಿಯ ದನಿ ತಾನಾಗಿಯೇ ಕೆಳಗಿಳಿಯಿತು, ಕಣ್ಣು ತಾನಾಗಿಯೇ ಜಲಜಮ್ಮನ ಕಣ್ಣು ಹುಡುಕಿತು. "ಉಪ್ಪುನೀರಲ್ಲಿ ನೆನೆಸಿ ಅಕ್ಕಾ. ನಾನು ಹಂಗೇ ಮಾಡೋದು."

"ಉಪ್ಪುನೀರು. ಅದೇ ನೋಡಿ, ನಂಗೆ ತಿಳೀಲಿಲ್ಲ." ಜಲಜಮ್ಮ ತಲೆಯಾಡಿಸಿ, ಸೀರೆಯನ್ನು ಜೋಪಾನವಾಗಿ ಮಡಚಿಕೊಂಡು ಕುಂಸಿಯ ಬಸ್ಸಿಗೆ ಹೋದಳು. ವಿಷ್ಣುಪ್ರಸಾದರ ಪತ್ರಿಕೆ ಕೆಳಗಿಳಿಯಿತು. ಸಲೋಮಿಗೆ ಅವರು ಚಹಾ ತರಿಸಿದರು. ಅವಳು ಕುಡಿಯಲಿಲ್ಲ. ಲೋಟದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತಾ ಕೂತಿದ್ದಳು.

ತ್ರಿತ್ವ ಭಾನುವಾರ ಚರ್ಚು ತುಂಬಿತ್ತು. ಹಿಂಬದಿಯಲ್ಲಿ ಪ್ರೇಮಭೋಜನದ ಒಲೆ ಹೊತ್ತಿಸಿ, ಹೊಗೆ ಕಿಟಕಿಯಿಂದ ಸಣ್ಣಗೆ ಒಳಗೆ ಬರುತ್ತಿತ್ತು. ಮಕ್ಕಳು ಮುಂದಿನ ಚಾಪೆಯ ಮೇಲಿದ್ದರು. ಮೇಜಿನ ಮೇಲೆ ಪ್ರಮಾಣಪತ್ರ ಆಗಲೇ ಫ್ರೇಮಿನೊಳಗೆ ಕೂತಿತ್ತು. ಆಲ್ಬರ್ಟ್ ಮೈಕಿನ ವೈರು ಸರಿಮಾಡಿ, ಹೆಂಡತಿಯ ಕಡೆ ಒಮ್ಮೆ ಹುಬ್ಬು ಹಾರಿಸಿ, ಗಂಡಸರ ಸಾಲಿಗೆ ಹೋಗಿ ಕೂತ.

ಸಲೋಮಿ ಮೈಕು ಹಿಡಿದು ಆ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದಳು. ತಲೆಗಳು ಆಡಿದವು. ಸಾಲು ಸಾಲಾಗಿ, ಒಪ್ಪಿಕೊಂಡು, ನೆಮ್ಮದಿಯಿಂದ. ಅವಳಿಗೆ ಆ ತಲೆಯಾಡಿಸುವಿಕೆ ಗೊತ್ತಿತ್ತು. ಗುರುವಾರ ಅದು ಪ್ಲಾಸ್ಟಿಕ್ ಚೀಲ ಹಿಡಿದು ಬಸ್ಸಿಗೆ ಹೋಗಿತ್ತು.

"ಇದು ನಂಗೆ ಹೆಂಗೆ ಅರ್ಥ ಆಯ್ತು ಅಂದ್ರೆ..." ಎಂದಳು. ನಿಂತಳು. ಸ್ಪೀಕರಿನಲ್ಲಿ ಅವಳ ಉಸಿರು ಮಾತ್ರ ಕೇಳಿಸಿತು.

"ಹೇಳಿ ಟೀಚರ್" ಎಂದರು ಪಾಸ್ಟರ್ ಪಕ್ಕದಿಂದ.

"ಅರ್ಥ ಆಗಿಲ್ಲ."

ಹೆಂಗಸರ ಸಾಲಿನಲ್ಲಿ ಬೀಸಣಿಗೆಗಳು ನಿಂತವು. ಥಿಯೋಡೋರ್ ಮೇಷ್ಟ್ರು ಎದ್ದೇಬಿಟ್ಟರು. "ಏನಮ್ಮಾ ಇದು, ಹೋದ ವಾರ ಅಷ್ಟು ಚೆನ್ನಾಗಿ ಹೇಳ್ದೆ?"

"ಹೇಳ್ಲಿಲ್ಲ ಮೇಷ್ಟ್ರೇ, ಮಾರಿದೆ. ಅದು ನಂಗೆ ಚೆನ್ನಾಗಿ ಬರುತ್ತೆ." ಅವಳ ದನಿ ಈಗ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. "ಅಡುಗೆಗೆ ಹಾಕ್ತೀರಾ, ಹಾಕಿ. ಮಕ್ಕಳ ಮುಂದೆ ನಿಂತು ಇದನ್ನೂ ಗ್ಯಾರಂಟಿ ಅನ್ನೋಕೆ ಆಗಲ್ಲ ನಂಗೆ."

ಪಾಸ್ಟರ್ ಅವಳ ಹತ್ತಿರ ಬಂದರು. ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡು ಬಾಗಿದರು; ಮೈಕು ನಡುವೆ ಇದ್ದುದನ್ನು ಮರೆತಿದ್ದರು. "ಟೀಚರ್, ಅರ್ಥ ಆಗ್ಲೇಬೇಕು ಅಂತ ಯಾರು ಹೇಳಿದ್ರು? ತಪ್ಪಿಲ್ಲದೆ ಹೇಳಿದ್ರೆ ಸಾಕು. ಎಲ್ಲರೂ ಹಂಗೇ."

ಮಾತು ಚರ್ಚಿನ ನಾಲ್ಕೂ ಸ್ಪೀಕರುಗಳಿಂದ ಹೊರಟು, ಕೊನೆಯ ಬೆಂಚಿನವರೆಗೆ ಹೋಗಿ, ಅಂಗಳದ ಒಲೆಯನ್ನೂ ತಲುಪಿತು. ಎಲ್ಲೋ ಒಬ್ಬರು ಕೆಮ್ಮಿದರು. ಪಾಸ್ಟರ ಕಿವಿ ಕೆಂಪಾಯಿತು.

ಸಲೋಮಿ ಅವರ ಮುಖವನ್ನು ಮೊದಲ ಸಲ ಇಷ್ಟು ಹತ್ತಿರದಿಂದ ನೋಡಿದಳು. ಮೀಸೆ ಇನ್ನೂ ಪೂರ್ತಿ ಕೂಡಿರಲಿಲ್ಲ. ಕಣ್ಣಿನ ಕೆಳಗೆ, ಬಹಳ ದಿನ ಸರಿಯಾಗಿ ಪ್ರಾರ್ಥನೆ ಮಾಡಲಾಗದವರ ಕಪ್ಪು ಇತ್ತು. ಎರಡು ಡಿಗ್ರಿ ಹೊತ್ತುಕೊಂಡು ಈ ಹುಡುಗ ಯಾರನ್ನು ಕೇಳಬೇಕು, ಯಾವ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದನೋ.

"ಹಂಗಾದ್ರೆ ಪಾಸ್ಟ್ರೇ, ನಿಮಗೂ..." ಎಂದವಳು ಅಷ್ಟಕ್ಕೇ ನಿಲ್ಲಿಸಿ, ಮೈಕನ್ನು ಅವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಕ್ಕಳ ಚಾಪೆಯ ಅಂಚಿನಲ್ಲಿ ಹಾದು, ಈರುಳ್ಳಿ ಹೆಚ್ಚುತ್ತಿದ್ದವರ ಕಡೆಗೆ ಹೊರಟಳು.